ನನ್ನ ಹೆಸರಿನ ಶೆಡ್ಡು

ಜುಲೈ 14, ಸೋಮವಾರ

ಇದು ಟೂಲ್ಸ್ ಅಂಗಡಿಯವರು ಯಾವುದೋ ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟ ಡೈರಿ. ಮುಂದಿನ ಪುಟಗಳಲ್ಲಿ ನಮ್ಮ ಹತ್ತಿರ ಇರುವುದನ್ನೆಲ್ಲ ಪಟ್ಟಿ ಮಾಡಿ ತನ್ನಿ ಎಂದು ವಕೀಲೆ ಯಮುನಾ ಮೇಡಂ ಹೇಳಿದ್ದಾರೆ. ಹಿಂದಿನಿಂದ ತಿರುಗಿಸಿ ನಾನು ನನಗೋಸ್ಕರ ಬರೆದುಕೊಳ್ಳುತ್ತಿದ್ದೇನೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ.

ದಿವಾಳಿ ಅರ್ಜಿ ಹಾಕಬೇಕಾದವಳು ನಾನಂತೆ! ನನ್ನ ಗಂಡ ಸಂಗಮೇಶ್ ಅಲ್ಲ, ನಾನು. ಗೌರಮ್ಮ, ಐವತ್ತೊಂದು ವರ್ಷ, ರಾಣೇಬೆನ್ನೂರಿನ ಹೆಣ್ಣುಮಗಳು, ಪೀಣ್ಯದ ‘ಗೌರಿ ಪ್ರಿಸಿಷನ್ ವರ್ಕ್ಸ್’ ಮಾಲೀಕಳು. ಮಹಿಳಾ ಉದ್ಯಮಿ ಅಂದರೆ ಬ್ಯಾಂಕ್ ಸಾಲಕ್ಕೆ ಬಡ್ಡಿ ಕಡಿಮೆ ಎಂದು ಇಪ್ಪತ್ತೆರಡು ವರ್ಷದ ಹಿಂದೆ ಇವರು ಎಲ್ಲವನ್ನೂ ನನ್ನ ಹೆಸರಲ್ಲಿ ಮಾಡಿಸಿದರು. ಪೀಣ್ಯದಲ್ಲಿ ಇಂಥ ಮಾಲೀಕಳು ನಾನೊಬ್ಬಳೇ ಅಲ್ಲ. ಎಷ್ಟೋ ಬೋರ್ಡುಗಳ ಮೇಲೆ ಹೆಂಡತಿಯರ ಹೆಸರಿದೆ, ಹೆಂಡತಿಯರು ಮನೆಯಲ್ಲಿ ಸೊಪ್ಪು ಬಿಡಿಸುತ್ತಿರುತ್ತಾರೆ. ತಿಂಗಳಿಗೊಮ್ಮೆ ಇವರು ಕಾಗದದ ಕಟ್ಟು ತಂದು ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದರು. ನಾನು ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಒಂದು ಸಲ ಒಗ್ಗರಣೆ ಸೀದು ಹೋಯಿತೆಂದು ಬೈದದ್ದು ಬಿಟ್ಟರೆ ಆ ಕಾಗದಗಳ ಬಗ್ಗೆ ನಾನು ಒಂದು ಮಾತೂ ಆಡಿದವಳಲ್ಲ.

ಯಮುನಾ ಮೇಡಂ ಏನು ಕೇಳಿದರೂ ಇವರೇ ಉತ್ತರ ಕೊಡುತ್ತಿದ್ದರು. ಕೊನೆಗೆ ಆಕೆ, “ಸಾರ್, ನಾನು ಅವರನ್ನ ಕೇಳ್ತಿರೋದು. ಕೋರ್ಟಲ್ಲಿ ನಿಲ್ಲೋದು ಅವರು” ಅಂದರು.

ಚಮಚದ ತನಕ ಎಲ್ಲ ಬರೆಯಬೇಕಂತೆ. ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ತಾಳಿ ಇವುಗಳನ್ನು ಯಾರೂ ಮುಟ್ಟುವುದಿಲ್ಲವಂತೆ. “ಲಿಂಗದ ಕರಡಿಗೆ ಬೆಳ್ಳಿದು ಐತಿ, ಕೊರಳಾಗಿಂದು, ಅದನ್ನೂ ಬರೀಬೇಕೇನ್ರಿ?” ಎಂದು ಕೇಳಿದೆ. ಆಕೆ ಪೆನ್ನು ಕಚ್ಚಿಕೊಂಡು, “ಬರೀರಿ ಮೇಡಂ. ದೇವರನ್ನ ಬಿಟ್ಟು ಡಬ್ಬಿ ಮಾತ್ರ ಬರೀರಿ” ಅಂದರು. ಇಬ್ಬರೂ ನಕ್ಕೆವು. ಇವರು ನಗಲಿಲ್ಲ.

ಜುಲೈ 17, ಗುರುವಾರ

ಬಾಡಿಗೆ ಮನೆಯ ಪಟ್ಟಿ ಮುಗಿಯಿತು. ತಟ್ಟೆ ಹನ್ನೆರಡು, ಲೋಟ ಒಂಬತ್ತು, ಕುಕ್ಕರ್ ಎರಡು, ಒಂದಕ್ಕೆ ಸೀಟಿ ಇಲ್ಲ. ಬರೆದ ವಸ್ತು ಬರೆದ ಕೂಡಲೇ ಹಗುರಾಗುತ್ತದೆ, ಇದೊಂದು ವಿಚಿತ್ರ. ಕೈಗೆತ್ತಿಕೊಂಡರೆ ಬೇರೆಯವರ ಮನೆಯದನ್ನು ಎತ್ತಿಕೊಂಡ ಹಾಗೆ ಅನಿಸುತ್ತದೆ.

ಮಧ್ಯಾಹ್ನ ಕಣ್ಣು ಹತ್ತಿತು. ಕನಸಿನಲ್ಲಿ ಪಾತ್ರೆಗಳೆಲ್ಲ ಸಾಲಾಗಿ ಮೆಟ್ಟಿಲಿಳಿದು ಹೋಗುತ್ತಿದ್ದವು. ಸೀಟಿ ಇಲ್ಲದ ಕುಕ್ಕರ್ ಮುಂದೆ, ರೊಟ್ಟಿಯ ಹೆಂಚು ಹಿಂದೆ. ತುಮಕೂರು ರಸ್ತೆಯಲ್ಲಿ ಲಾರಿಗಳು ನಿಂತು ದಾರಿ ಬಿಟ್ಟವು. ನಾನು ಬಾಲ್ಕನಿಯಲ್ಲಿ ನಿಂತು ಒಂದೊಂದಕ್ಕೂ ಟಿಕ್ ಹಾಕುತ್ತಿದ್ದೆ. ಅಳು ಬರಲಿಲ್ಲ. ತಟ್ಟೆ ಹನ್ನೊಂದೇ ಇವೆಯಲ್ಲ ಎಂದು ಮಾತ್ರ ಗಾಬರಿಯಾಯಿತು.

ಎದ್ದು ಎಣಿಸಿದೆ. ಹನ್ನೆರಡು ಇದ್ದವು.

ಜುಲೈ 22, ಮಂಗಳವಾರ

ಇವತ್ತು ಇವರ ಜೊತೆ ಇವರ ಶೆಡ್ಡಿಗೆ ಹೋದೆ. ಇಷ್ಟು ವರ್ಷ ಆಯುಧಪೂಜೆಯ ದಿನ ಮಾತ್ರ ಹೋದವಳು ನಾನು. ಆವತ್ತು ಎಲ್ಲ ಮಷೀನಿಗೂ ಚೆಂಡುಹೂವು, ವಿಭೂತಿ, ಬಾಗಿಲಿಗೆ ಬಾಳೆಕಂದು. ಹೂವಿಲ್ಲದ ಮಷೀನು ನಾನು ನೋಡಿಯೇ ಇರಲಿಲ್ಲ. ಜಿಡ್ಡು ಹಿಡಿದು, ಸುಮ್ಮನೆ, ಪೂಜೆ ಮುಗಿದ ಮೇಲಿನ ದೇವರ ಹಾಗೆ ನಿಂತಿದ್ದವು.

ಈಗ ಉಳಿದಿರುವ ಕೆಲಸಗಾರರು ನರಸಿಂಹಯ್ಯ ಒಬ್ಬರೇ. ಕಬ್ಬಿಣ ಕಡೆಯುವ ಲೇತ್ ಮಷೀನು ನಡೆಸುತ್ತಾರೆ, ಅರವತ್ತಾಗಿದೆ. ದೊಡ್ಡ ಗಿರಾಕಿ ಕಂಪನಿ ಆರ್ಡರ್ ನಿಲ್ಲಿಸಿದ ಮೇಲೆ ಉಳಿದವರನ್ನೆಲ್ಲ ಕಳಿಸಿಯಾಗಿದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಲೇತ್ ಮೂರು, ಡ್ರಿಲ್ಲಿಂಗ್ ಒಂದು, ಗ್ರೈಂಡಿಂಗ್ ಒಂದು.

ಮೂಲೆಯಲ್ಲಿ ಮಷೀನಿಲ್ಲದ ಜಾಗವಿತ್ತು. ನೆಲದಿಂದ ನಾಲ್ಕು ಬೋಲ್ಟು ಮೇಲೆದ್ದಿದ್ದವು, ನಡುವೆ ಸಿಮೆಂಟು ಬೆಳ್ಳಗಿತ್ತು.

“ಇಲ್ಲಿ ದೊಡ್ಡದೊಂದು ಹಸಿರು ಮಷೀನ್ ಇತ್ತಲ್ಲರೀ?” ಎಂದು ಇವರನ್ನು ಕೇಳಿದೆ.

“ಮಿಲ್ಲಿಂಗ್ ಮಷೀನಾ? ಅದನ್ನ ಮಾರಿ ಮೂರು ವರ್ಷ ಆತು. ನಿನಗ ನೆನಪಿಲ್ಲ” ಅಂದರು.

ನರಸಿಂಹಯ್ಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಆ ಕಡೆ ಹೋದರು. ಇರಬಹುದು, ನನಗೇನು ನೆನಪಿರುತ್ತದೆ. ವರ್ಷಕ್ಕೊಮ್ಮೆ ಹೂ ಹಾಕಿ ಬಂದವಳು.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ರುದ್ರಮ್ಮನವರ ಮನೆಯಲ್ಲಿ ಅಕ್ಕನ ಬಳಗ ಸೇರಿತ್ತು. ವಚನ ಹಾಡಿದೆವು, ಪ್ರಸಾದ ಮಾಡಿದೆವು. ಯಾರಿಗೂ ಏನೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಕಷ್ಟಕ್ಕೆಂದು ಬಳಗದ ದಾಸೋಹದ ಹಣದಲ್ಲಿ ಎರಡು ಲಕ್ಷ ತಂದಿದ್ದೆ. ಅದೊಂದು ತೀರಿದೆ ಎಂಬುದೇ ನನ್ನ ಧೈರ್ಯ.

ಬಳಗದ ಹಣಕಾಸು ನೋಡಿಕೊಳ್ಳುವ ರುದ್ರಮ್ಮ ಎಲ್ಲರ ಮುಂದೆ, “ಗೌರವ್ವಾ, ನಿನ್ನ ಗಂಡ ಮಾತಿನ ಮನಶಾ ನೋಡವ್ವಾ. ಸಂಕ್ರಾಂತಿ ದಿನ ಬಂದು ರೊಕ್ಕ ಕೈಯಾಗ ಇಟ್ಟು ಹೋದ” ಅಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಆಗಸ್ಟ್ 5, ಮಂಗಳವಾರ

ಪಟ್ಟಿ ಮುಗಿದು ನಾಲ್ಕು ದಿನವಾಯಿತು. ಶೆಡ್ಡಿನಲ್ಲಿ ಕೊಡೆ ಬಿಟ್ಟು ಬಂದಿದ್ದೆ, ತರಲು ಹೋದೆ. ನಿನ್ನೆ ಊಟದ ಡಬ್ಬಿ ಬಿಟ್ಟಿದ್ದೆ.

ಪಂಪಿಗೆ ಹಾಕುವ ಬುಷ್‌ಗಳ ಸಣ್ಣ ಆರ್ಡರ್ ಒಂದಿದೆ. ಬುಷ್ ಅಂದರೆ ಬಳೆಯ ಹಾಗೆ, ದಪ್ಪ ಇರುತ್ತದೆ. ನರಸಿಂಹಯ್ಯ ಅಳತೆ ನೋಡುವ ವರ್ನಿಯರ್ ಹಿಡಿಯುವುದನ್ನು ಕಲಿಸಿದರು. “ಅಂಗಲ್ಲ ಅಮ್ಮಾರೇ, ಇಂಗೆ ಇಡ್ಕಳಿ. ಅಮುಕ್ಬೇಡಿ. ಕಬ್ಣಕ್ಕೂ ನೋವಾಯ್ತದೆ.” ಕೂದಲಿಗಿಂತ ಸಣ್ಣ ಅಳತೆ ಅದು! ಹೆಚ್ಚಿದ್ದರೆ ಒಂದು ಕಡೆ, ಸರಿಯಿದ್ದರೆ ಒಂದು ಕಡೆ. ನಲವತ್ತು ಅಳೆದೆ. ಆರನ್ನು ಬೇರೆ ಇಟ್ಟೆ. ಅವರು ಮತ್ತೆ ಅಳೆದು ನೋಡಿ ಐದಕ್ಕೆ ತಲೆಯಾಡಿಸಿದರು. ಒಂದರಲ್ಲಿ ಮಾತ್ರ ನನ್ನದು ಅತಿಯಾಯಿತಂತೆ.

ಊಟವಾದ ಮೇಲೆ ಶೆಡ್ಡಿನ ಯಜಮಾನ ರಾಮಾಂಜಿನಪ್ಪ ಬಂದರು. ಬಾಡಿಗೆ ಕೇಳಲು ಬಂದರೆಂದುಕೊಂಡೆ. ಅವರು ಸ್ಟೂಲು ಎಳೆದುಕೊಂಡು ಕೂತು, “ಬುಡಿ ತಾಯಿ, ಬಾಡ್ಗೆ ಅಡ್ವಾನ್ಸ್‌ನಾಗೆ ಮುರ್ಕೊಂತೀನಿ. ಈ ಜಾಗದಾಗೆ ನಮ್ಮಪ್ಪ ರಾಗಿ ಆಕ್ತಿದ್ದ. ಅಗೋ, ಆ ಮಷೀನೈತಲ್ಲ, ಅಲ್ಲಿ ಕಣ ಇತ್ತು” ಅಂದರು.

ಅವರು ಹೋದ ಮೇಲೆ ಮೂಟೆಗೆ ಒರಗಿ ಕೂತೆ. ಮೇಲಿನ ಪ್ಲಾಸ್ಟಿಕ್ ಶೀಟಿನಿಂದ ಬಿಸಿಲು ಹಳದಿಯಾಗಿ ಇಳಿಯುತ್ತಿತ್ತು. ಲೇತ್ ತಿರುಗುವ ಸದ್ದು, ಕೂಲೆಂಟ್ ಎಣ್ಣೆಯ ವಾಸನೆ. ನಿದ್ದೆಯೋ ಎಚ್ಚರವೋ, ಲೇತುಗಳ ನಡುವೆ ರಾಗಿ ತೆನೆ ಎದೆಮಟ್ಟ ಬೆಳೆದು ತೂಗುತ್ತಿತ್ತು. ನರಸಿಂಹಯ್ಯ ತೆನೆ ಸರಿಸಿಕೊಂಡು ಮಷೀನಿಗೆ ಎಣ್ಣೆ ಬಿಡುತ್ತಿದ್ದರು. ನಾನು ತೆನೆ ಮುಟ್ಟಲು ಹೋದರೆ ಕೈಗೆ ಸುರುಳಿ ಸುರುಳಿ ಕಬ್ಬಿಣದ ಚೂರು ಬಂತು, ಬೆಚ್ಚಗಿತ್ತು.

ಎಷ್ಟು ಸುಖವಾಗಿತ್ತೆಂದರೆ ಹೇಳಲು ನಾಚಿಕೆಯಾಗುತ್ತದೆ. ಮುಳುಗುತ್ತಿರುವ ಮನೆಯ ಹೆಂಗಸು ಹೀಗೆ ಸುಖಪಡಬಾರದು.

ಆಗಸ್ಟ್ 7, ಗುರುವಾರ

ಬುಷ್ ಕಂಪನಿಯವರ ಫೋನು. ಇವರು ಈಗ ಯಾವ ಫೋನೂ ಎತ್ತುವುದಿಲ್ಲ, ಸೀಲಿಂಗ್ ನೋಡುತ್ತಾ ಮಲಗಿರುತ್ತಾರೆ. ನಾನೇ ಎತ್ತಿದೆ. ಒಂದಕ್ಕೆ ಎರಡು ರೂಪಾಯಿ ಕಡಿಮೆ ಮಾಡಿ ಅಂದರು. “ಆಗಲ್ಲ ಸಾರ್. ನಮ್ದು ಒಂದೊಂದೂ ಅಳೆದು ಕಳಿಸೋ ಮಾಲು” ಅಂದುಬಿಟ್ಟೆ. ಒಪ್ಪಿಕೊಂಡರು!

ಆಗಸ್ಟ್ 12, ಮಂಗಳವಾರ

ಇವತ್ತು ಕೋಪಕ್ಕೆ ಊಟ ಮಾಡಿಲ್ಲ.

ಲೇತುಗಳ ಫೋಟೋ ಬೇಕೆಂದು ಯಮುನಾ ಮೇಡಂ ಕೇಳಿದ್ದರು. ಹಳೆಯದು ಇದೆಯೇನೋ ಎಂದು ಮೊಬೈಲಿನಲ್ಲಿ ಹುಡುಕಿದೆ. ಹೋದ ವರ್ಷದ ಆಯುಧಪೂಜೆಯ ಫೋಟೋ ಸಿಕ್ಕಿತು. ಕಡುಗೆಂಪು ಸೀರೆಯಲ್ಲಿ ನಾನು ನಿಂತಿದ್ದೇನೆ, ಪಕ್ಕದಲ್ಲಿ ಹಸಿರು ಮಷೀನು. ಮೂರು ಬೆರಳಿನಿಂದ ಅದಕ್ಕೆ ವಿಭೂತಿ ಬಳಿಯುತ್ತಿದ್ದೇನೆ. ಅಕ್ಟೋಬರ್ ಹನ್ನೊಂದು ಎಂದು ತಾರೀಖು ಕೂಡ ಇದೆ. ಮೂರು ವರ್ಷದ ಹಿಂದೆ ಮಾರಿದ ಮಷೀನಿಗೆ ಹತ್ತು ತಿಂಗಳ ಹಿಂದೆ ನಾನು ಪೂಜೆ ಮಾಡಿದ್ದೇನೆ!

ಫೋನನ್ನು ಇವರ ಮುಖದ ಮುಂದೆ ಹಿಡಿದೆ.

“ಜನವರಿಯೊಳಗ ಮಾರಿದೆ” ಅಂದರು. “ಎರಡು ವರ್ಷದ ಒಳಗಿನ ಮಾರಾಟ ಆದ್ರ ಕೋರ್ಟು ಕೆದಕತೈತಿ ಅಂತ ಯಾರೋ ಹೇಳಿದ್ರು. ಅದಕ್ಕ ಮೂರು ವರ್ಷ ಅಂದೆ.”

“ಯಾಕ ಮಾರಿದ್ರಿ?”

“ಬಳಗದ ರೊಕ್ಕ ಕೊಡಬೇಕಿತ್ತಲ್ಲ. ಬ್ಯಾಂಕಿನವ್ರ ಮುಂದ ನಾ ಸುಳ್ಳ ಹೇಳಿ ದಿನಾ ದೂಡಬಹುದು. ನೀ ರುದ್ರಮ್ಮನ ಮುಂದ ತಲಿ ತಗ್ಗಿಸಿ ನಿಲ್ಲೂದು ನನಗ ನೋಡಾಕ ಆಗಂಗಿಲ್ಲ ಗೌರಾ.”

ಮಾರಿದ ರಸೀದಿಯ ಮೇಲೆ ಸಹಿ ಯಾರದು ಎಂದು ಕೇಳಿದೆ. ನನ್ನದೇ. ಖಾಲಿ ರಸೀದಿ ಪುಸ್ತಕಕ್ಕೆ ನಾನು ವರ್ಷಕ್ಕಾಗುವಷ್ಟು ಸಹಿ ಹಾಕಿ ಕೊಟ್ಟಿದ್ದೆನಂತೆ, ಅಕ್ಕಿ ಆರಿಸುತ್ತಾ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು.

ಆಗಸ್ಟ್ 14, ಗುರುವಾರ

ಒಬ್ಬಳೇ ಯಮುನಾ ಮೇಡಂ ಹತ್ತಿರ ಹೋಗಿ ಫೋಟೋ ತೋರಿಸಿ, ಹಣ ಬಳಗಕ್ಕೆ ಹೋದದ್ದನ್ನೂ ಹೇಳಿದೆ. ಆಕೆ ಕನ್ನಡಕ ತೆಗೆದಿಟ್ಟರು.

“ನೋಡಿ ಮೇಡಂ, ಮೂರು ವರ್ಷ ಅಂತ ಬರೆದ್ರೆ ಅದು ಸುಳ್ಳು ಪ್ರಮಾಣ. ಸಿಕ್ಕಿಬಿದ್ರೆ ಅರ್ಜೀನೂ ಹೋಗುತ್ತೆ, ನಿಮ್ಮ ಮೇಲೆ ಕೇಸೂ ಆಗುತ್ತೆ. ನಿಜ ಬರೆದ್ರೆ, ಸಾಲ ಕೊಟ್ಟ ಉಳಿದವರಿಗೆಲ್ಲ ಕೈ ಎತ್ತಿ ಇವರೊಬ್ಬರಿಗೆ ಯಾಕೆ ಕೊಟ್ರಿ ಅಂತ ಕೋರ್ಟು ಕೇಳಬೋದು. ಆ ಎರಡು ಲಕ್ಷ ವಾಪಸ್ ತರಿಸಿದ್ರೂ ತರಿಸಬೋದು.”

“ಬಳಗದಿಂದನಾ?”

“ಹೂಂ. ಇನ್ನೊಂದು ದಾರಿ ಇದೆ. ‘ನನಗೇನೂ ಗೊತ್ತಿಲ್ಲ, ಎಲ್ಲ ಗಂಡನೇ ಮಾಡಿದ್ದು’ ಅಂತ ಬರೆಯೋಣ. ಮಷೀನಿನ ಮಟ್ಟಿಗೆ ನಿಮಗೆ ಸ್ವಲ್ಪ ರಕ್ಷಣೆ ಸಿಗುತ್ತೆ. ತುಂಬ ಜನ ಹೆಂಗಸರು ಹಾಗೇ ಬರೆಸ್ತಾರೆ.”

ನನಗೇನೂ ಗೊತ್ತಿರಲಿಲ್ಲ ಎಂಬುದು ನಿಜವೇ. ಆದರೂ ಆ ಮಾತು ಕೇಳಿ ಮುಖಕ್ಕೆ ಹೊಡೆದ ಹಾಗಾಯಿತು. ಯಾಕೋ ತಿಳಿಯದು. ಮೆಟ್ರೋದಲ್ಲಿ ವಾಪಸ್ ಬರುವಾಗ ಮನೆಗೆ ಹೋಗದೆ ಪೀಣ್ಯದಲ್ಲೇ ಇಳಿದು ಶೆಡ್ಡಿಗೆ ಹೋದೆ. ಕೆಲಸವೇನೂ ಇರಲಿಲ್ಲ. ನರಸಿಂಹಯ್ಯ ಕಾಫಿ ತರಿಸಿದರು.

ಆಗಸ್ಟ್ 16, ಶನಿವಾರ

ಕನಸು. ಬೋಲ್ಟುಗಳ ನಡುವಿನ ಬಿಳಿ ಸಿಮೆಂಟಿನ ಮೇಲೆ ಬಳಗದ ಹೆಂಗಸರೆಲ್ಲ ಬಾಳೆಲೆ ಹಾಕಿಕೊಂಡು ಕೂತಿದ್ದರು. ನಾನು ಬುಟ್ಟಿಯಲ್ಲಿ ಬುಷ್ ತಂದು ಬಡಿಸುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ತಿನ್ನಲಿಲ್ಲ.

ಆಗಸ್ಟ್ 18, ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಬಳಗ ಸೇರುವ ಮೊದಲೇ ರುದ್ರಮ್ಮನವರ ಮನೆಗೆ ಹೋಗಿ ಎಲ್ಲ ಹೇಳಿದೆ. ಕಂಪನಿ ಮುಳುಗಿದ್ದು, ಮಷೀನು ಮಾರಿದ್ದು, ನಿಮ್ಮ ಎರಡು ಲಕ್ಷ ಅದರದ್ದೇ ಎನ್ನುವುದು, ಅದನ್ನು ಕೋರ್ಟಿಗೆ ಬರೆದು ಕೊಡುತ್ತೇನೆ ಎನ್ನುವುದು. ಹೇಳುವಾಗ ಸೆರಗಿನ ತುದಿ ಹಿಂಡಿ ಹಿಂಡಿ ಒದ್ದೆಯಾಯಿತು.

ರುದ್ರಮ್ಮ ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ದಾಸೋಹದ ರೊಕ್ಕ ಅದು, ಗೌರವ್ವಾ. ಕೋರ್ಟಿನವ್ರು ಕೇಳಿದ್ರ ನಾ ಎಲ್ಲಿಂದ ತಂದು ಕೊಡ್ಲಿ? ಬರೀದಿದ್ರ ಯಾರಿಗೆ ಗೊತ್ತಾಗ್ತಿತ್ತು?”

“ನನಗ ಗೊತ್ತಲ್ಲರೀ ಅಕ್ಕಾ.”

“ನಿನಗ ಗೊತ್ತಾಗಾಕ ಇಪ್ಪತ್ತೆರಡು ವರ್ಷ ಬೇಕಾತಲ್ಲ!” ಅಂದರು. ಆಮೇಲೆ ದನಿ ತಗ್ಗಿಸಿ, “ಬರಬ್ಯಾಡ ಅಂತ ನಾ ಹೇಳಂಗಿಲ್ಲ. ಆದ್ರ ಉಳಿದವ್ರ ಬಾಯಿ ಮುಚ್ಚಾಕ ನನ್ನ ಕೈಲೆ ಆಗಂಗಿಲ್ಲ” ಅಂದರು.

ಪ್ರಸಾದ ಮಾಡಿ ಹೋಗು ಅನ್ನಲಿಲ್ಲ. ಆ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಹೊರಟದ್ದು ಇದೇ ಮೊದಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಗೇಟಿನ ಹೊರಗೆ ನಿಂತು ಅತ್ತೆ. ಒಳಗೆ ಹಾಡು ಶುರುವಾಗಿತ್ತು.

ಸೆಪ್ಟೆಂಬರ್ 4, ಗುರುವಾರ

ಎರಡು ವಾರ ಬರೆಯಲು ಹೊತ್ತೇ ಸಿಗಲಿಲ್ಲ. ಬುಷ್ ಕಳಿಸಿದ್ದಾಯಿತು, ಬಂದ ಹಣವನ್ನೂ ಪಟ್ಟಿಗೆ ಸೇರಿಸಿದ್ದಾಯಿತು. ನನ್ನ ಎರಡನೇ ಲೇತಿನ ಬೆಲ್ಟು ಸವೆದಿದೆ. ಹೇಗಿದ್ದರೂ ಹೋಗುವ ಮಷೀನು, ಯಾಕೆ ಸುಮ್ಮನೆ ಎಂದು ಇವರು ಕೇಳಿದರು. ಹೋಗುವಾಗ ಚೆನ್ನಾಗಿ ಹೋಗಲಿ ಎಂದು ಹಾಕಿಸಿದೆ.

ಯಮುನಾ ಮೇಡಂ ಅರ್ಜಿಯ ಕರಡು ಕೊಟ್ಟರು. ಹನ್ನೊಂದನೇ ಕಲಮಿನಲ್ಲಿ ‘ಅರ್ಜಿದಾರರು ಗೃಹಿಣಿಯಾಗಿದ್ದು ವ್ಯವಹಾರದ ಅರಿವಿಲ್ಲದವರು’ ಎಂದಿತ್ತು. ತಿದ್ದಿ ಅಂದೆ.

“ತಿದ್ದಿದ್ರೆ ಕಷ್ಟ ನಿಮಗೇ ಮೇಡಂ.”

“ಗೊತ್ತೈತ್ರಿ. ಇದನ್ನ ಓದಿದ್ರ ನಾನು ಅಲ್ಲಿ ಇರಲೇ ಇಲ್ಲ ಅನ್ನಿಸ್ತೈತಿ.”

ಏನು ಬರೆಯಬೇಕೆಂದು ನಾನೇ ಹೇಳಿದೆ. ಆಕೆ ಬರೆದುಕೊಂಡರು. ಎರಡು ಸಲ ಓದಿಸಿ ಕೇಳಿದೆ.

ಸೆಪ್ಟೆಂಬರ್ 11, ಗುರುವಾರ

ಆಯಿತು. ಬೆಳಿಗ್ಗೆಯಿಂದ ನಡೆದದ್ದೆಲ್ಲ ನೀರಿನಡಿಯಲ್ಲಿ ನಡೆದ ಹಾಗಿದೆ. ಕೋರ್ಟಿನ ಉದ್ದ ಪಡಸಾಲೆ, ಕಪ್ಪು ಕೋಟುಗಳು, ಯಾರದೋ ಹೆಸರು ಕೂಗುವ ದನಿ.

ಪ್ರಮಾಣ ಮಾಡಿಸುವ ಅಧಿಕಾರಿ ಕೋಣೆಯ ಬಾಗಿಲಲ್ಲೇ ಮೇಜು ಹಾಕಿಕೊಂಡಿದ್ದರು. “ಓದಿದ್ದೀರಾ? ಇದರಲ್ಲಿರೋದೆಲ್ಲ ನಿಜಾನಾ?” ಎಂದು ತಲೆ ಎತ್ತದೆ ಕೇಳಿದರು. ಯಮುನಾ ಮೇಡಂ, “ಓದಿದ್ದಾರೆ ಸಾರ್” ಅಂದರು.

“ಇಲ್ಲ ಸಾರ್” ಅಂದೆ. “ನಿನ್ನೆ ಹೊಸದಾಗಿ ಟೈಪ್ ಮಾಡಿಸಿದಾರೆ. ಇದನ್ನ ನಾನು ಓದಿಲ್ಲ. ಓದ್ತೀನಿ.”

ಈಗ ತಲೆ ಎತ್ತಿದರು. “ಎಷ್ಟು ಹಾಳೆ?”

“ನಲವತ್ತೊಂದು.”

ಗಡಿಯಾರ ನೋಡಿಕೊಂಡರು. “ನಾನು ಊಟ ಮಾಡ್ಕೊಂಡು ಬರ್ತೀನಿ. ಅಷ್ಟರೊಳಗೆ ಓದಿ ಮುಗಿಸಿ ತಾಯಿ.”

ಪಡಸಾಲೆಯ ಬೆಂಚಿನ ಮೇಲೆ ಕೂತು ಓದಿದೆ. ಇವರು ಪಕ್ಕದಲ್ಲಿ ಊಟದ ಚೀಲ ಹಿಡಿದು ಕೂತಿದ್ದರು. ಇಪ್ಪತ್ತಾರನೇ ಹಾಳೆಯಲ್ಲಿ ಇಕ್ಕಳ ಹನ್ನೊಂದು ಎಂದಿತ್ತು, ಇರುವುದು ಹದಿಮೂರು. ತಿದ್ದಿಸಿದೆ. ಹನ್ನೊಂದನೇ ಕಲಮಿರುವ ಹಾಳೆಯನ್ನು ಓದಿ ಇವರ ಕೈಗೆ ಕೊಟ್ಟೆ. ಇವರು ಅದನ್ನು ನೋಡಿರಲಿಲ್ಲ.

‘ಸದರಿ ಯಂತ್ರವನ್ನು ಈ ವರ್ಷದ ಜನವರಿಯಲ್ಲಿ ನನ್ನ ಪತಿ, ನಾನು ಮೊದಲೇ ಸಹಿ ಮಾಡಿಟ್ಟಿದ್ದ ಖಾಲಿ ರಸೀದಿಯ ಮೇಲೆ ಮಾರಿದರು. ಬಂದ ಹಣದಲ್ಲಿ ಅಕ್ಕನ ಬಳಗಕ್ಕೆ ನನ್ನ ಸಾಲ ತೀರಿಸಿದರು. ಓದದೆ ಸಹಿ ಮಾಡಿದ್ದು ಮಾಲೀಕಳಾದ ನನ್ನ ತಪ್ಪು.’

ಇವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. “ತಪ್ಪು ನಿಂದು ಅಂತ ಯಾಕ ಬರಿಸಿದಿ? ನಿಂದು ಬರೀ ಹೆಸರಷ್ಟ ಇತ್ತಲ್ಲ.”

“ಹೆಸರು ನಂದು ಅಂದಮ್ಯಾಲೆ ತಪ್ಪೂ ನಂದರೀ.”

“ನನ್ನ ಬಿಟ್ಟುಕೊಡಬಹುದಿತ್ತು ನೀ. ಯಮುನಾ ಮೇಡಂ ಹೇಳಿದ್ರಂತ.”

“ಬಿಟ್ಟುಕೊಟ್ಟಿಲ್ಲೇನು? ನೀವು ಮಾರಿದ್ದು ಮ್ಯಾಲಿನ ಸಾಲಿನಾಗ ಐತಿ, ನೋಡ್ರಿ. ನಿಮ್ಮದು ನಿಮಗ, ನಂದು ನನಗ.”

ನಗಲು ಹೋಗಿ ಇವರಿಗೆ ಅಳು ಬಂತು. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನಾನು ಇದನ್ನು ನೋಡಿರಲಿಲ್ಲ. ಹಾದುಹೋಗುವವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಇನ್ನೂ ಹದಿನೈದು ಹಾಳೆ ಬಾಕಿ ಇತ್ತು.

ಅಧಿಕಾರಿ ಬಂದರು. “ಸಂಸ್ಥೆ ಮಾಲೀಕರು?” ಅಂದರು. ಅಭ್ಯಾಸಬಲದಿಂದ ಇವರು ಎದ್ದು ನಿಂತರು. ಆಮೇಲೆ ಹಾಗೆಯೇ ಪಕ್ಕಕ್ಕೆ ಸರಿದು, “ಇವ್ರು ಸರ್” ಅಂದರು.

ನಲವತ್ತೊಂದು ಸಹಿ. ಕೊನೆಯದು ಮುಗಿದಾಗ ಶೆಡ್ಡಿನಲ್ಲಿ ನನ್ನದು ಎನ್ನುವುದು ಒಂದು ಸ್ಪ್ಯಾನರೂ ಇರಲಿಲ್ಲ. ನಾಳೆ ಪೇಪರಿನಲ್ಲಿ ಹೆಸರು ಬಂದರೂ ಬರಬಹುದು, ಬಳಗದ ಮನೆಗೆ ನೋಟೀಸು ಹೋದರೂ ಹೋಗಬಹುದು. ನನಗೆ ವಿಪರೀತ ಹಸಿವಾಗಿತ್ತು. ಇವರ ಕೈಯಿಂದ ಚೀಲ ತೆಗೆದುಕೊಂಡು ಅದೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆ. ನಾಲ್ಕು ರೊಟ್ಟಿ ಇದ್ದವು. ಇವರಿಗೆ ಎರಡು ಕೊಟ್ಟೆ, ಎರಡು ನಾನು ತಿಂದೆ.